ನಿಮಿಷಕ್ಕೆ ಒಂಬೈನೂರು

ದುರ್ಗಿಗುಡಿಯ ಲಾಡ್ಜೊಂದರ ಮೇಲ್ಮಹಡಿಯಲ್ಲಿ
ಶೀಘ್ರ ಓದಿನ ಶಿಬಿರ. ಎರಡು ದಿನ,
ಸಾವಿರದ ಎಂಟುನೂರು, ಊಟ ಸೇರಿ.
ಪಡಿಯಾರ್ ಎಂಬ ತರುಣ, ಕೊರಳಲ್ಲಿ ಸೀಟಿ.
'ಒಳಗೊಳಗೇ ಉಚ್ಚರಿಸಬೇಡಿ' ಎಂದ,
'ನಿಮ್ಮ ನಾಲಗೆಯೇ ನಿಮ್ಮ ಬ್ರೇಕು.'

ನಾನು ಪತ್ರ ಬರಹಗಾರ. ಉಪನೋಂದಣಿ ಕಚೇರಿಯ ಎದುರು
ಹುಣಸೆಮರದ ಬುಡಕ್ಕೆ ಮೇಜು ಹಾಕಿ ಇಪ್ಪತ್ತಾರು ವರ್ಷ,
ಬ್ರೇಕಿನ ಮೇಲೆ ಕಾಲಿಟ್ಟೇ ಅನ್ನ ತಿಂದವನು.
ಆದರೂ ಹೋದೆ. ಕಣ್ಣಿಗೆ ಪೊರೆ ಬರುವ ಮೊದಲು
ಬೀರುವಿನಲ್ಲಿ ಕೊಂಡಿಟ್ಟದ್ದನ್ನೆಲ್ಲ
ಓದಿ ಮುಗಿಸುವ ಆಸೆ,
ಕೈಸಾಲ ತೀರಿಸುವವನ ಹಾಗೆ.

ಬೆರಳು ಓಡಿತು, ಬೆರಳ ಹಿಂದೆ ಕಣ್ಣು,
ಕಣ್ಣ ಹಿಂದೆ ಏದುಸಿರು ಬಿಡುತ್ತ ನಾನು.
ಸೀಟಿ. ಪುಟ. ಸೀಟಿ. ಪುಟ.
ಎರಡನೆಯ ಸಂಜೆ ನನ್ನ ಲೆಕ್ಕ ನಿಮಿಷಕ್ಕೆ ಒಂಬೈನೂರು ಪದ.
ಚಪ್ಪಾಳೆ.
ಆಮೇಲೆ ಹತ್ತು ಪ್ರಶ್ನೆ, ಜೇನುಹುಳುಗಳ ಬಗ್ಗೆ.
ನನಗೆ ಆರು ಸರಿ.
ಕಾಫಿ ಹಂಚಲು ಬಂದ ಮಕ್ಬೂಲ್,
ಪಾಠದ ಮುಖವನ್ನೇ ನೋಡದೆ ತಮಾಷೆಗೆ ಟಿಕ್ ಹಾಕಿದವ,
ಅವನಿಗೂ ಆರು.
ಪಡಿಯಾರ್ ನಕ್ಕ. ನಾವೂ ನಕ್ಕೆವು.
ಪ್ರಮಾಣಪತ್ರದಲ್ಲಿ ನಾನು
ಕಲ್ಲೇಶಪ್ಪ ಹೋಗಿ ಕಲೇಶಪ್ಪ ಆಗಿದ್ದೆ.
ವೇಗಕ್ಕೆ ಒಂದು ಒತ್ತೂ ಭಾರ.

ಸುಳ್ಳು ಹೇಳಬಾರದು, ಉಪಯೋಗಕ್ಕೂ ಬಂತು.
ಅರವತ್ತನಾಲ್ಕರ ರಿಜಿಸ್ಟರಿನಲ್ಲಿ ಒಂದು ಸರ್ವೆ ನಂಬರು ಬೇಕಿತ್ತು.
ಮುನ್ನೂರು ಪುಟದ ಮೇಲೆ ಕಣ್ಣಾಡಿಸಿದೆ,
ಮೊರದ ಅಕ್ಕಿಯಲ್ಲಿ ಕಲ್ಲು ಕಂಡ ಹಾಗೆ ಕಂಡಿತು.
ಕಲ್ಲು ಆರಿಸುವುದೂ ಒಂದು ವಿದ್ಯೆಯೇ.
ಅದನ್ನು ಊಟ ಅನ್ನಲಾರೆ, ಅಷ್ಟೆ.

ಮರುವಾರ ಹೊಳೆಹೊನ್ನೂರಿನಿಂದ ಹಾಲಮ್ಮ, ಅಣ್ಣನ ಜೊತೆ.
ಹಕ್ಕು ಬಿಡುಗಡೆ ಪತ್ರ, ಬೇರೆಲ್ಲೋ ಟೈಪಾದದ್ದು, ಐದು ಪುಟ.
'ಒಂದ್ಸಲ ನೋಡಿಬಿಡಿ' ಎಂದ ಅಣ್ಣ, ಗಡಿಯಾರ ನೋಡುತ್ತ.
ನೋಡಿದೆ. ಎರಡೇ ನಿಮಿಷ.
ಚೆಕ್ಕುಬಂದಿ ಸರಿ, ಗುಂಟೆ ಸರಿ, ಸಾಕ್ಷಿಗಳು ಸರಿ,
'ಒತ್ತಿ ಹೆಬ್ಬೆಟ್ಟು' ಎಂದೆ.
ಶಾಯಿ ಹತ್ತಿದ ಹೆಬ್ಬೆರಳನ್ನು ಗಾಳಿಯಲ್ಲೇ ಹಿಡಿದು
'ಓದಿ ಹೇಳ್ರಿ' ಅಂದಳು ಹಾಲಮ್ಮ. 'ಬಾಯಿಬಿಟ್ಟು.'

ಓದಿದೆ. ಸದರಿ, ಮೇಲ್ಕಂಡ, ಯಾವತ್ತೂ,
ನಮ್ಮ ವಾಕ್ಯಗಳು ಹಾವಲ್ಲ, ಚೇಳು;
ಕೊಂಡಿ ಇರುವುದು ಬಾಲದಲ್ಲಿ.
ಒಂದೂವರೆ ಪುಟ ತೆವಳಿ ಕಟ್ಟಕಡೆಯ ಪದದಲ್ಲಿ
ಹೌದೋ ಅಲ್ಲವೋ ತಿಳಿಯುತ್ತದೆ.
'...ಹಿತ್ತಿಲ ಬಾವಿಯಲ್ಲಿ ನೀರು ಸೇದುವ ಹಕ್ಕನ್ನು
ನಾನು ಉಳಿಸಿಕೊಂಡಿರುವುದಿಲ್ಲ.'

'ಕೊನಿಗೆ ಏನಂದ್ರಿ?'
'...ಇಲ್ಲ.'
'ಐತಿ ಅಂತ ಮಾತಾಗಿತ್ತು.'

ಅಣ್ಣ ಟೈಪಿನವನನ್ನು ಬೈದ. ನಾನು ನೆಲ ನೋಡಿದೆ.
ನಿಮಿಷಕ್ಕೆ ಒಂಬೈನೂರರ ಓಟದಲ್ಲಿ
ಒಂದು ಇಡೀ ಬಾವಿಯನ್ನು ಹಾರಿದ್ದೆ,
ಇಣುಕದೆ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು.
ಬಸ್ಸು ಹಾರನ್ ಹಾಕಿತು. ಹುಣಸೆಯ ಒಂದೆಲೆ
ಕಾಗದದ ಮೇಲೆ ಬಿದ್ದು ಅಲ್ಪವಿರಾಮವಾಯಿತು.
'ಬಾವಿ ಬತ್ತಿ ಆರು ವರ್ಷಾತು. ನೀರಿಗೆ ನಾನೇನು ಬರಂಗಿಲ್ಲ.
ಆದ್ರೆ ಉಳಿಸಿಕೊಂಡಿಲ್ಲ ಅನಬ್ಯಾಡ್ರಿ.
ಕೊಟ್ಟೆ ಅಂತ ಬರೀರಿ.'

ಕಾನೂನಿಗೆ ಎರಡೂ ಒಂದೇ.
ಅಣ್ಣ ಮಾತ್ರ ತಂಗಿಯ ಮುಖ ನೋಡಲಿಲ್ಲ.

ಆ ಪುಟವನ್ನು ಕೈಯಲ್ಲೇ ಬರೆದೆ,
ಒಳಗೊಳಗೇ ಉಚ್ಚರಿಸುತ್ತ:
ಕೊ, ಟ್ಟಿ, ರು, ತ್ತೇ, ನೆ.
ಎಷ್ಟು ಹೊತ್ತಾಯಿತೋ,
ಸೀಟಿ ಊದಲು ಯಾರೂ ಇರಲಿಲ್ಲ.

ಬೀರುವಿನಲ್ಲಿ ಇನ್ನೂ ನೂರ ಹನ್ನೊಂದು ಪುಸ್ತಕ.
ನಿನ್ನೆ ಒಂದರಲ್ಲಿ ಎರಡು ಪುಟ ಓದಿದೆ.
ಇವತ್ತು ಮತ್ತೆ ಅವೇ ಎರಡು.